ಬಿಗಿಯಾಗದ ಬೇಸು

ಸೋಮವಾರಪೇಟೆ ಬಸ್‌ಸ್ಟ್ಯಾಂಡಿನ ಹಿಂದೆ ಮೈಕ್‌ಸೆಟ್ ರಿಪೇರಿ ಮಾಡುವ ರೇಣುಕಪ್ರಸಾದನಿಗೆ ಕಿವಿಯೇ ಬಂಡವಾಳ. ಮೀಟರ್ ಮುಟ್ಟುವ ಮೊದಲೇ, ಗೊರಗೊರ ಎನ್ನುವ ಆಂಪ್ಲಿಫೈಯರಿನಲ್ಲಿ ಏನು ಕೆಟ್ಟಿದೆಯೆಂದು ಕೇಳಿಯೇ ಹೇಳುತ್ತಾನೆಂಬ ಹೆಸರು ಅವನಿಗಿತ್ತು. ಆ ಹೆಸರನ್ನು ಊರಿಗಿಂತ ಹೆಚ್ಚಾಗಿ ಅವನೇ ನಂಬಿದ್ದ.

ಅದಕ್ಕೆ ಕುತ್ತು ತಂದದ್ದು ಅಮೃತಾಳ ಗಿಟಾರ್ ಆಂಪ್ಲಿಫೈಯರ್. ಅಮೃತಾ ಕಾಫಿ ಬೆಳೆಗಾರರ ಮಗಳು, ಗೆಳೆಯರ ಜೊತೆ ಬ್ಯಾಂಡ್ ಕಟ್ಟಿಕೊಂಡು ಕಿವಿ ಕಿತ್ತುಹೋಗುವಂತೆ ನುಡಿಸುವವಳು. ಹಳೇ ರೇಡಿಯೋದಂತೆ ಒಳಗೆ ವಾಲ್ವುಗಳು ಉರಿಯುವ ಆ ಪೆಟ್ಟಿಗೆ ನೋಡಿ ರೇಣುಕಪ್ರಸಾದನಿಗೆ ಖುಷಿಯೇ ಆಗಿತ್ತು.

"ಬೇಸ್ ಲೂಸಾಗಿದೆ ಅಂಕಲ್. ದಪ್ಪ ತಂತಿ ಹೊಡೆದ್ರೆ ಎಲ್ಲ ಕಲಸಿದ ಹಂಗೆ ಬರ್ತದೆ. ಟೈಟಾಗ್ಬೇಕು. ಭಾನುವಾರ ಮೂರ್ನಾಡಲ್ಲಿ ಪ್ರೋಗ್ರಾಂ."

ಇಷ್ಟೇ ತಾನೇ ಎಂದು ಬೇಸ್ ಹೆಚ್ಚು ಹಾಯಿಸುವ ದೊಡ್ಡ ಕಂಡೆನ್ಸರ್ ಹಾಕಿಕೊಟ್ಟ. ಮದುವೆ, ಭಜನೆ, ಭಾಷಣ, ಯಾವುದಕ್ಕೇ ಆಗಲಿ ಬೇಸ್ ಜಾಸ್ತಿ ಮಾಡಿಯೇ ರೂಢಿ. ಪೆಟ್ಟಿಗೆ ವಾಪಸ್ ಬಂತು. ವಾಲ್ವು ಬದಲಿಸಿದ. ಮತ್ತೆ ವಾಪಸ್.

"ದೊಡ್ಡದಲ್ಲ ಅಂಕಲ್, ಚಿಕ್ಕ ಕಂಡೆನ್ಸರ್ ಹಾಕ್ಬೇಕಂತೆ," ಎಂದಳು ಅಮೃತಾ ಮೆಲ್ಲಗೆ. "ಮೊದ್ಲೇ ಬೇಸ್ ಕಮ್ಮಿ ಒಳಗೆ ಬಿಟ್ರೆ ಸೌಂಡ್ ಗಲೀಜಾಗಲ್ವಂತೆ. ಇವತ್ತೂ ಆಗ್ಲಿಲ್ಲ ಅಂದ್ರೆ ಮೈಸೂರಿಗೆ ಕಳಿಸ್ತೀನಿ."

ಮೈಸೂರು! ಅವನಿಗೆ ಮೈಯೆಲ್ಲ ಉರಿಯಿತು. ಬೇಸ್ ಸರಿಯಾಗಲು ಬೇಸನ್ನೇ ಕಡಿಯುವುದೆಂದರೆ ನೆಗಡಿಯಾಯಿತೆಂದು ಮೂಗು ಕೊಯ್ದುಕೊಂಡ ಹಾಗಾಯಿತು. ಆದರೂ ಹಲ್ಲು ಕಚ್ಚಿ ಚಿಕ್ಕದನ್ನು ಬೆಸುಗೆ ಹಾಕಿ, ಹಳೆಯದನ್ನೂ ಕೀಳದೆ, ಯಾವುದು ಬೇಕೋ ಅದಕ್ಕೆ ಹೊರಳಿಸುವಂತೆ ಸ್ವಿಚ್ ಕಟ್ಟಿದ. ಅಮೃತಾ ಬಿಟ್ಟುಹೋಗಿದ್ದ ಗಿಟಾರಿನ ದಪ್ಪ ತಂತಿ ಮೀಟಿದ. ಗುಂ. ಸ್ವಿಚ್ ಹೊರಳಿಸಿದ. ಗುಂ. ಇನ್ನೂ ಚಿಕ್ಕದು ಹಾಕಿದ. ಅದೂ ಗುಂ! ಕಂಡೆನ್ಸರ್ ಮಾರಿದವನನ್ನು ಬೈದ, ಕರೆಂಟಿನವರನ್ನು ಬೈದ, ಈ ಹಾಳು ಸಂಗೀತವನ್ನೇ ಬೈದ.

ಹೆಂಡತಿ ಸರ್ವಮಂಗಳ ಬುತ್ತಿ ತಂದಾಗಲೂ ಬೈಗುಳ ನಡೆದೇ ಇತ್ತು.

"ಊಟ ಇರ್ಲಿ. ಇದು ಕೇಳು," ಎಂದು ಸ್ವಿಚ್ ಆಕಡೆ ಈಕಡೆ ಹೊರಳಿಸಿ ಒಂದೊಂದು ಸಲ ಮೀಟಿದ. "ಎರಡೂ ಒಂದೇ ಅಲ್ವಾ?"

"ಎಲ್ಲಿ ಒಂದೇ? ಮೊದ್ಲಿಂದು ನೀವು ಕೈಯಿಟ್ಟು ನಿಲ್ಸಿದ್ರೂ ಗುಂಯ್ ಅಂತ ಎಳೀತದೆ. ಈಗಿಂದು ಠಕ್ ಅಂತ ನಿಲ್ತು."

"ತಮಾಷೆ ಮಾಡ್ಬೇಡ."

ಅವಳನ್ನು ಬೀದಿಯ ಕಡೆ ತಿರುಗಿಸಿ ನಿಲ್ಲಿಸಿ, ಸ್ವಿಚ್ ಹಿಂದೆಮುಂದೆ ಮಾಡಿ ಮೀಟಿದ. ಒಂದು ಸಲವೂ ಅವಳು ತಪ್ಪಲಿಲ್ಲ. ಕೊನೆಗೆ ತಿರುಗಿ ಅವನ ಮುಖ ನೋಡಿದಳು.

"ಏನ್ರೀ, ನಿಮ್ಗೆ ಗೊತ್ತಾಗ್ತಿಲ್ವಾ?"

ಅವನು ಗಿಟಾರನ್ನು ಕೆಳಗಿಟ್ಟ. ಬಾಯಲ್ಲಿ ಅವಲಕ್ಕಿ ಇಟ್ಟುಕೊಂಡು ಮಾತಾಡಬೇಡ ಎಂದು ಎಷ್ಟು ದಿನದಿಂದ ಅವಳ ಮೇಲೆ ರೇಗುತ್ತಿದ್ದ! ಟಿವಿಯ ಸ್ಪೀಕರೇ ಸರಿಯಿಲ್ಲವೆಂದು ಎರಡು ಸಲ ಬಿಚ್ಚಿದ್ದ. ಆಯುಷ್ಯವೆಲ್ಲ ಮೈಕಿನ ಹಾರನ್ನುಗಳ ಪಕ್ಕ ನಿಂತ ಕಿವಿ ಅದು. ಅಳು ಬಂತು, ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು, ಯಾರ ಮೇಲೆಂದು ತಿಳಿಯಲಿಲ್ಲ.

ಸರ್ವಮಂಗಳ ಬುತ್ತಿ ಬದಿಗಿಟ್ಟು ಸ್ಟೂಲ್ ಎಳೆದುಕೊಂಡು ಕೂತಳು. "ಹೊಡೀರಿ, ನಾನು ಹೇಳ್ತೀನಿ."

ಅವಳು ಬೇಡ ಅಂದದ್ದನ್ನು ಕಿತ್ತ, ಹೂಂ ಅಂದದ್ದನ್ನು ಉಳಿಸಿದ. ಅನ್ನ ಆರಿಹೋಯಿತು.

ಸಂಜೆ ಅಮೃತಾ ಬಂದು ನುಡಿಸಿದಳು. ಅಂಗಡಿಯ ಗಾಜು ನಡುಗಿತು. ಅವಳು ತಂತಿಯ ಮೇಲೆ ಅಂಗೈ ಊರಿ, ಕಣ್ಣರಳಿಸಿ, "ಅಬ್ಬಾ! ಎಷ್ಟು ಟೈಟಾಯ್ತು! ಕೇಳ್ತಾ ಅಂಕಲ್?" ಎಂದಳು.

ರೇಣುಕಪ್ರಸಾದ ಇನ್ನೂ ಸ್ಟೂಲಿನ ಮೇಲೇ ಕೂತಿದ್ದ ಹೆಂಡತಿಯ ಕಡೆ ನೋಡಿದ. ಅವಳು ಹೂಂ ಎಂಬಂತೆ ತಲೆಯಾಡಿಸಿದಳು.

"ಕೇಳ್ತು," ಎಂದ.