ಸೊಪ್ಪಿನ ಬುಟ್ಟಿ ಹೊತ್ತು ನಾಲ್ಕು ಮಹಡಿ

ಇವತ್ತು ಮಧ್ಯಾಹ್ನ ನನ್ನ ಮೊಮ್ಮಗಳು ಶೈಲಾಗೆ ಡಾಕ್ಟರೇಟ್ ಸಿಕ್ಕಿತು! ಊರಿನ ಅಕ್ಕತಂಗಿಯರೇ, ಮೊದಲು ಬಾಯಿಗೆ ಒಂದು ಚಿಟಿಕೆ ಸಕ್ಕರೆ ಹಾಕಿಕೊಳ್ಳಿರಿ, ಆಮೇಲೆ ಮುಂದೆ ಓದಿರಿ. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವಳ ಮೊಮ್ಮಗಳು ಯುರೋಪಿನ ದೇಶಗಳ ಭದ್ರತೆಯ ಬಗ್ಗೆ ಇಷ್ಟು ದಪ್ಪ ಪ್ರಬಂಧ ಬರೆದಿದ್ದಾಳೆ. ಸಂತೋಷ ಎದೆಯಲ್ಲಿ ಹಿಡಿಸುತ್ತಿಲ್ಲ. ಆದರೆ ಅದರ ಪಕ್ಕದಲ್ಲೇ ನಾಚಿಕೆಯೂ ಕುಳಿತಿದೆ. ಅದನ್ನು ಮುಚ್ಚಿಟ್ಟು ಬರೀ ಸಿಹಿ ಹಂಚಲು ಮನಸ್ಸು ಒಪ್ಪುತ್ತಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ, ಕಾಗುಣಿತ ಸೊಸೆ ತಿದ್ದಿದ್ದಾಳೆ.

ಗದಗದ ಕಡೆಯಿಂದ ಯಲಹಂಕದ ಮಗನ ಮನೆಗೆ ಬಂದ ಮೊದಲ ಬೆಳಗ್ಗೆಯೇ ಆಕಾಶ ಹರಿದಂಥ ಸಪ್ಪಳವಾಯಿತು. ಯುದ್ಧ ಬಂತೆಂದು ಮಂಚದ ಕೆಳಗೆ ಸೇರಿದೆ. ವಾಯುನೆಲೆಯ ವಿಮಾನವಂತೆ! ಇಲ್ಲಿಯವರು ಆ ಸದ್ದಿಗೆ ಚಹಾದ ಲೋಟವನ್ನೂ ಕೆಳಗಿಡುವುದಿಲ್ಲ. ಶೈಲಾ ನನ್ನ ಕೈ ಹಿಡಿದು ಎಬ್ಬಿಸಿ, "ಅಜ್ಜಿ, ಈಗಿನ ಯುದ್ಧ ಇಷ್ಟು ಗದ್ದಲ ಮಾಡಂಗಿಲ್ಲ. ಸುಮ್ಮನ ಮನ್ಯಾಗ ಬಂದು ಕುಂದರತೈತಿ" ಅಂದಳು.

ಅವಳು ಓದಿದ್ದೇ ಅದನ್ನು. ಹೈಬ್ರಿಡ್ ಯುದ್ಧ ಅನ್ನುತ್ತಾರೆ. ಸೈನ್ಯ ಕಳಿಸುವುದಿಲ್ಲ, ಸಮುದ್ರದ ತಳದ ಇಂಟರ್ನೆಟ್ ತಂತಿ ಕತ್ತರಿಸುವುದು, ಆಸ್ಪತ್ರೆಯ ಕಂಪ್ಯೂಟರ್ ಕೆಡಿಸುವುದು, ಸುಳ್ಳು ಹಬ್ಬಿಸಿ ಒಂದೇ ಓಣಿಯವರು ಒಬ್ಬರನ್ನೊಬ್ಬರು ಅನುಮಾನಿಸುವಂತೆ ಮಾಡುವುದು. ನಾನು ಹೂಂ ಅಂದಿದ್ದೆ. ಎಲ್ಲೋ ಯುರೋಪಿನ ಮಾತು, ನನಗೇನು?

ನಮ್ಮೂರಿನಲ್ಲಿ ಬಾಗಿಲು ಮುಚ್ಚುವುದು ಮಲಗುವಾಗ ಮಾತ್ರ. ಇಲ್ಲಿ ನಾಲ್ಕು ಮಹಡಿಯಲ್ಲಿ ಹದಿನಾರು ಬಾಗಿಲು, ಎಲ್ಲವೂ ಮುಚ್ಚಿದ್ದವು. ನನ್ನ ಜೊತೆ ನಿಂತು ಮಾತಾಡುತ್ತಿದ್ದವಳು ಸೊಪ್ಪಿನ ಮುನಿಯಮ್ಮ ಒಬ್ಬಳೇ. ಇಲ್ಲೇ ಯಲಹಂಕದ ಪಕ್ಕದ ಸಿಂಗಾಪುರ ಎಂಬ ಹಳ್ಳಿಯ ಹಳೇ ಒಕ್ಕಲು ಮನೆತನ. ಹೊಲವೆಲ್ಲ ಸೈಟುಗಳಾಗಿ, ಉಳಿದ ಚೂರು ಜಾಗದಲ್ಲಿ ಸೊಪ್ಪು ಬೆಳೆಯುತ್ತಾಳೆ. "ಇಂಗ್ ಮಸೀಬೇಕು ಕಣಜ್ಜಿ" ಎಂದು ಮಸ್ಸೊಪ್ಪು ಕಲಿಸಿದವಳೂ ಅವಳೇ. ಸೊಪ್ಪು, ಬೇಳೆ ಬೇಯಿಸಿ ಕಡಗೋಲಿನಿಂದ ಮಸೆದು ಮಾಡುವ ಸಾರು ಅದು. ಇಲ್ಲಿಯವರು ಮುದ್ದೆಗೆ ಹಾಕಿಕೊಳ್ಳುತ್ತಾರೆ.

ಒಂದು ದಿನ ಫೋನಿನ ವಾಟ್ಸಾಪಿಗೆ ಯಾರೋ ಮಾತಾಡಿ ಕಳಿಸಿದ ದನಿ ಬಂತು. ಈ ಕಡೆಯ ಸೊಪ್ಪಿಗೆಲ್ಲ ವಿಷದ ನೀರು ಹಾಯಿಸುತ್ತಾರೆ, ಮಕ್ಕಳು ಆಸ್ಪತ್ರೆ ಸೇರಿದ್ದಾರೆ ಅಂತ. ನಿಮಗೆ ಗೊತ್ತಲ್ಲ, ನಮ್ಮಲ್ಲಿ ಕೆಟ್ಟ ಸುದ್ದಿ ಕಿವಿಗೆ ಬಿದ್ದರೆ ಮುಂದಿನ ಮನೆಗೆ ಹೇಳಿಯೇ ಒಲೆಯ ಮುಂದೆ ಕೂಡುವುದು. ಹೇಳದಿದ್ದರೆ ಪಾಪ. ನಾನೂ ಹಾಗೇ ಮಾಡಿದೆ. ಬರೆಯಲು ತಡವಾಗುತ್ತದೆಂದು, ಅಪಾರ್ಟ್‌ಮೆಂಟಿನ ಗುಂಪಿಗೆ ನನ್ನದೇ ದನಿಯಲ್ಲಿ ಹೇಳಿ ಕಳಿಸಿದೆ. ಸುಮ್ಮನಿರದೆ, "ನಮ್ಮ ಮುನಿಯಮ್ಮನ ಸೊಪ್ಪೂ ಅಂಥಾದ್ದ ಇದ್ದೀತು, ನೋಡಿ ತಗೋರಿ" ಅಂತ ಸೇರಿಸಿದೆ. ಆ ಮಾತು ಯಾರೂ ನನಗೆ ಹೇಳಿರಲಿಲ್ಲ. ನಾನೇ ಹುಟ್ಟಿಸಿದ್ದು.

ಮೂರು ದಿನ ಅವಳ ಬುಟ್ಟಿ ತುಂಬಿದ್ದು ತುಂಬಿದಂತೆಯೇ ವಾಪಸು ಹೋಯಿತು. ನಾಲ್ಕನೆಯ ದಿನ ನಮ್ಮ ಬಾಗಿಲಿಗೆ ಬಂದಳು. ಬಯ್ಯಲಿಲ್ಲ. "ಯಾರೋ ನಿಮ್ ದನೀನೇ ಕೇಳ್ಸಿದ್ರು ಅಜ್ಜಿ. ನನ್ ಮೊಮ್ಮಕ್ಳು ತಿನ್ನೋದೂ ಅದೇ ಸೊಪ್ಪು. ಒಂದ್ ಮಾತು ನನ್ನೇ ಕೇಳ್ಬಾರ್ದಿತ್ತಾ?" ಅಂದು ಬುಟ್ಟಿ ಎತ್ತಿಕೊಂಡು ಇಳಿದು ಹೋದಳು.

ಒಳಗಿದ್ದ ಶೈಲಾ ಕೇಳಿಸಿಕೊಂಡಿದ್ದಳು. ಫೋನ್ ತೆಗೆದುಕೊಂಡು ನನ್ನ ದನಿ ಕೇಳಿದಳು. ನಾನು ಸೆರಗಿನಿಂದ ಬಾಯಿ ಮುಚ್ಚಿಕೊಂಡೆ.

"ಸುಳ್ಳು ಹುಟ್ಟಿಸಿದವಗ ಸೈನಿಕರು ಬೇಕಾಗಂಗಿಲ್ಲ ಅಜ್ಜಿ. ನಿನ್ನಂಥಾ ಒಳ್ಳೇರು ನಾಕು ಮಂದಿ ನಂಬಿದ್ರ ಸಾಕು."

"ಬೈ ಬೇಕಾದ್ರ. ಹಿಂಗ ತಣ್ಣಗ ಮಾತಾಡಬ್ಯಾಡವ್ವ."

"ನಿನಗ ಬೈದ್ರ ಅಕಿ ಸೊಪ್ಪು ಮಾರಾಟ ಆಗತೈತೇನು?"

ನಾನು ಹೇಳಿದ್ದು ತಪ್ಪೆಂದು ಮತ್ತೆ ದನಿ ಕಳಿಸಿದೆ. ಯಾರೋ ಒಬ್ಬರು ಕೈಮುಗಿದ ಚಿತ್ರ ಹಾಕಿದರು, ಅಷ್ಟೇ. ಸುಳ್ಳು ಒಂದೇ ಬೆರಳಿನಲ್ಲಿ ಹೋಗಿತ್ತು. ನಿಜಕ್ಕೆ ಮೆಟ್ಟಿಲು ಹತ್ತಬೇಕಾಯಿತು.

ಸಿಂಗಾಪುರಕ್ಕೆ ಆಟೋದಲ್ಲಿ ಹೋಗಿ ಮುನಿಯಮ್ಮನ ಕೈ ಹಿಡಿದೆ. ಅವಳು ಮುಖ ತಿರುಗಿಸಿದಳು. "ನಾಳಿಂದ ನಿನ್ನ ಬುಟ್ಟಿ ನಾನ ಹೊರತೀನಿ" ಅಂದೆ. "ನಿಮ್ ಮಂಡಿಗೆ ಆಗೋ ಕೆಲ್ಸ ಹೇಳಿ" ಅಂದಳು. ಆದರೂ ಹೊತ್ತೆ. ಎಂಟು ದಿನ ಬೆಳಗ್ಗೆ ನಮ್ಮದು ಬಿಟ್ಟು ಉಳಿದ ಹದಿನೈದೂ ಬಾಗಿಲು ತಟ್ಟಿ, "ಸುಳ್ಳು ಹೇಳಿದಾಕಿ ನಾನ. ಇದು ಒಳ್ಳೆ ಸೊಪ್ಪು, ನಾವೂ ತಿನ್ನತೀವಿ" ಅಂದೆ. ಒಬ್ಬರು ಮುಖಕ್ಕೇ ಬಾಗಿಲು ಹಾಕಿದರು. ಇನ್ನೊಬ್ಬರು ನೀರು ಕೊಟ್ಟು ಕೂಡಿಸಿದರು. ಇಲ್ಲಿಗೆ ಬಂದು ಎರಡು ವರ್ಷವಾದರೂ ನೋಡದ ಮುಖಗಳನ್ನು ಹಾಗೆ ನೋಡಿದೆ. ಈಗ ಅವರೆಲ್ಲ ನನ್ನ ಹೆಸರು ಹಿಡಿದು ಮಾತಾಡಿಸುತ್ತಾರೆ. ಗುರುತಾಗಿದ್ದು ಎಂಥ ಕೆಲಸದಿಂದ ಎಂದು ನೆನೆದರೆ ಮುಖ ಕೆಳಗಾಗುತ್ತದೆ.

ಇವತ್ತು ಶೈಲಾಳನ್ನು ಪರೀಕ್ಷಿಸಲು ಬಂದವರು, ಹಬ್ಬಿದ ಸುಳ್ಳನ್ನು ಹಿಂದಕ್ಕೆ ತರುವುದು ಹೇಗೆ ಎಂದು ಕೇಳಿದರಂತೆ. ಯುರೋಪಿನ ಉದಾಹರಣೆಗಳನ್ನೆಲ್ಲ ಹೇಳಿ, ಕೊನೆಗೆ "ಹೇಳಿದವರೇ ಒಂದೊಂದು ಬಾಗಿಲಿಗೆ ಹೋಗಬೇಕಾಗುತ್ತದೆ" ಅಂದಳಂತೆ.

"ನನ್ನ ಹೆಸರು ಹೇಳಿದ್ಯಾ?"

"ಇಲ್ಲಜ್ಜಿ."

"ಹೇಳಬೇಕಿತ್ತು."

ಸಂಜೆ ಮಗ, ಸೊಸೆ, ಶೈಲಾ, ನಾನು ನೆಲದ ಮೇಲೆ ಸಾಲಾಗಿ ಕುಳಿತೆವು. ಮುನಿಯಮ್ಮನನ್ನೂ ಕರೆದಿದ್ದೆ, ಆದರೆ ಬರುತ್ತಾಳೆಂಬ ಧೈರ್ಯವಿರಲಿಲ್ಲ. ಪಾತ್ರೆ ಹಿಡಿದು ಬಂದೇಬಿಟ್ಟಳು. ನನ್ನ ಜೋಳದ ರೊಟ್ಟಿ, ಅವಳ ಮಸ್ಸೊಪ್ಪು.

"ಏನಜ್ಜಿ, ನಿಮ್ಮೂರ್ ರೊಟ್ಟಿಗೆ ನಮ್ಮೂರ್ ಸೊಪ್ಪು ಹೊಂದ್ಕೊತದಾ?"

ನಮ್ಮೂರಿನ ರೂಢಿಯಂತೆ ಬಾಯಿಬಿಟ್ಟು ಈ ಊರಿನವಳ ಅನ್ನಕ್ಕೆ ಕಲ್ಲು ಹಾಕಿದವಳು ನಾನು. ಯಾವ ಊರಿನವಳೆಂದು ಉತ್ತರ ಹೇಳಲಿ? ತಟ್ಟೆಯಲ್ಲಿದ್ದ ರೊಟ್ಟಿ ಮುರಿಯತೊಡಗಿದೆ. ಅವಳೇ ಒಂದು ಸೌಟು ನನ್ನ ತಟ್ಟೆಗೆ ಬಡಿಸಿದಳು. ಮೇಲೆ ವಿಮಾನ ಹೋಯಿತು; ಯಾರೂ ಕೈ ನಿಲ್ಲಿಸಲಿಲ್ಲ. ಎಲ್ಲರಿಗಿಂತ ಮೊದಲು ನಾನೇ ತುತ್ತು ತಿಂದೆ.