ಒಂಬತ್ತರ ಜಾಗದಲ್ಲಿ ಬರೆದ ಮೂರು

ಶಾಂತಕ್ಕ, ನೀವು ಒಂಬತ್ತು ಎಂದಿರಿ. ನಾನು ಮೂರು ಎಂದು ಬರೆದೆ.

ನಾಲ್ಕು ವರ್ಷದ ಹಿಂದೆ, ಕುರುಗೋಡಿನ ನಿಮ್ಮ ಮನೆಯ ಕಟ್ಟೆಯ ಮೇಲೆ. ಮನಸ್ಸಿನ ಕಾಯಿಲೆಯಿಂದ ಚೇತರಿಸಿಕೊಂಡವರಿಗೆ ನಾಲ್ಕು ಜನರ ನಡುವೆ ಬೆರೆಯುವ ಧೈರ್ಯ ಎಷ್ಟಿದೆ ಎಂದು ಸೊನ್ನೆಯಿಂದ ಹತ್ತರವರೆಗೆ ಅಳೆದು ಬರೆಯುವುದು ನನ್ನ ಕೆಲಸ. ಅಂಗಡಿಗೆ ಹೋಗಲು, ಮದುವೆಯ ಪಂಕ್ತಿಯಲ್ಲಿ ಕೂರಲು — ನೀವು ಐದು, ಆರು ಎನ್ನುತ್ತಾ ಬಂದಿರಿ. ಒಬ್ಬರೇ ಬಸ್ಸು ಹತ್ತಿ ಬಳ್ಳಾರಿಗೆ ಹೋಗಿ, ಗುರುತಿಲ್ಲದವರ ಜೊತೆ ಕೆಲಸ ಮಾಡಬಲ್ಲಿರಾ ಎಂದಾಗ ಮಾತ್ರ ನಿಮ್ಮ ಮುಖ ಅರಳಿತು.

"ಒಂಬತ್ತು ಬರಕೊಳ್ರಿ. ಹತ್ತು ಅಂದ್ರ ಸೊಕ್ಕು ಅಂತಾರ."

ನಿಮ್ಮ ಬೆನ್ನ ಹಿಂದೆ, ಬಾಗಿಲಲ್ಲಿ ನಿಂತಿದ್ದ ನಿಮ್ಮ ಅತ್ತಿಗೆ ಇಲ್ಲವೆಂಬಂತೆ ತಲೆಯಾಡಿಸಿದರು. ಅಷ್ಟೇ. ಕಾಯಿಲೆಯವರು ಹೇಳಿದ್ದನ್ನು ಮನೆಯವರ ಮುಖ ನೋಡಿ ಬರೆಯಿರಿ ಎಂದು ನಮಗೆ ಯಾರೂ ಕಲಿಸಿರಲಿಲ್ಲ — ಆದರೂ ಬರೆಯುತ್ತಿದ್ದೆವು. ನಿಮ್ಮ ಒಳ್ಳೆಯದಕ್ಕೇ ಎಂದುಕೊಂಡೆನೇ? ದಾರಿಯಲ್ಲಿ ಏನಾದರೂ ಆದೀತೆಂದು ಹೆದರಿದೆನೇ? ನೀವು ಎರಡು ಎಂದಿದ್ದರೆ ಮರುಮಾತಿಲ್ಲದೆ ಬರೆದುಕೊಳ್ಳುತ್ತಿದ್ದೆ. ಒಂಬತ್ತನ್ನು ಮಾತ್ರ ಯಾಕೆ ನಂಬಲಿಲ್ಲವೋ... ಎಷ್ಟು ಕೆದಕಿದರೂ ತಿಳಿಯುತ್ತಿಲ್ಲ.

ಬಳ್ಳಾರಿಯ ಗಾಂಧಿನಗರದ ರೊಟ್ಟಿ ಕೇಂದ್ರದ ಕೆಲಸಕ್ಕೆ, ಆ ಪ್ರಶ್ನೆಗೆ ಏಳಕ್ಕಿಂತ ಹೆಚ್ಚು ಅಂಕ ಬಂದವರನ್ನು ಕರೆದರು. ನಿಮಗೆ ಕರೆ ಬರಲಿಲ್ಲ. ಆಗಲೂ ನಾನು ಆ ಅಂಕವನ್ನು ತಿದ್ದಲಿಲ್ಲ.

ಹೋದ ತಿಂಗಳು ಸಿರುಗುಪ್ಪ ಬಸ್ ನಿಲ್ದಾಣದಲ್ಲಿ ಸಿಕ್ಕಿರಿ. ಅತ್ತಿಗೆ ನೀರು ತರಲು ಹೋಗಿದ್ದರು. ಅವರು ಬರುವವರೆಗೆ ಕೂತ ಜಾಗ ಬಿಟ್ಟು ಏಳಬಾರದೆಂದು ನಿಮಗೆ ಹೇಳಿ ಹೋಗಿದ್ದರಂತೆ. ನೀವು ಮೆಲ್ಲಗೆ ಕೇಳಿದಿರಿ, "ಅವತ್ತು ಒಂಬತ್ತು ಅಂದಿದ್ದು ಸೊಕ್ಕಾತೇನ್ರಿ? ಅದಕ್ಕ ಕರೀಲಿಲ್ಲೇನು?"

ಬಸ್ಸು ಇನ್ನೂ ಬಂದಿರಲಿಲ್ಲ. ಹೇಳಲು ಬೇಕಾದಷ್ಟು ಹೊತ್ತಿತ್ತು. ನಾನು, ಜಾಗ ಕಡಿಮೆ ಇದ್ದವು ಅಕ್ಕ, ಎಂದು ಇನ್ನೊಂದು ಸುಳ್ಳು ಹೇಳಿದೆ.

"ಇಲ್ರಿ, ನಂದೇ ತಪ್ಪು," ಎಂದಿರಿ. "ಮೊನ್ನೆ ಇನ್ನೊಬ್ಬಾಕಿ ಅದನ್ನೇ ಕೇಳಾಕ ಬಂದಿದ್ಲು. ಮೂರು ಅಂತ ನಾನೇ ಹೇಳೀನಿ."

ನಾನು ಬರೆದದ್ದನ್ನು ನೀವು ಕಂಡಿರಲೇ ಇಲ್ಲ. ಆದರೂ ಅದೇ ಮೂರು ನಿಮ್ಮ ಬಾಯಿಂದ ಬಂದಾಗ — ನಿಂತಲ್ಲೇ ನಾಚಿಕೆಯಿಂದ ಕುಗ್ಗಿಹೋದೆ.

ಅಂಕ ಬರೆದ ಆ ಹಾಳೆಯ ಪ್ರತಿ ನನ್ನಲ್ಲಿದೆ. ಸೋಮವಾರ ಕುರುಗೋಡಿಗೆ ಬರುತ್ತೇನೆ. ಅದೇ ಕಟ್ಟೆಯ ಮೇಲೆ, ನಿಮ್ಮ ಅತ್ತಿಗೆಯ ಎದುರಿಗೇ, ನೀವು ಹೇಳಿದ್ದೇನು, ನಾನು ಬರೆದದ್ದೇನು ಎಂದು ಓದುತ್ತೇನೆ. ಆಮೇಲೆ ನನ್ನನ್ನು ನಂಬುವಿರಾ ಎಂದು ಕೇಳುವುದಿಲ್ಲ. ನನ್ನ ಮೇಲಿನ ನಂಬಿಕೆಗೆ ಸೊನ್ನೆಯೋ ಹತ್ತೋ, ಅಂಕ ನೀವೇ ಹಾಕಿ, ಶಾಂತಕ್ಕ. ನೀವು ಹೇಳಿದಷ್ಟೇ ಬರೆದುಕೊಳ್ಳುತ್ತೇನೆ.