ಬರೆಯದೆ ಬಿಟ್ಟ ‘ವೆರಿ’

ಇಂಗ್ಲಿಷಿನ ‘ವೆರಿ’ ಎಂಬ ಪದದ ಮೇಲೆ ನನಗೆ ಇಂದಿಗೂ ಸಿಟ್ಟು. ದಿಂಡಿಗಲ್ಲಿನ ಶಾಲೆಯಲ್ಲಿ ಕಲಿತಾಗ ಅದೆಷ್ಟು ಹಗುರವಾಗಿತ್ತು! ತಮಿಳಿನಲ್ಲಿ ‘ರೊಂಬ’, ನಮ್ಮ ಮನೆಯ ಕನ್ನಡದಲ್ಲಿ ‘ಬಾಳ’. ದೊರೆಗಳು ಅದನ್ನು ಉಪ್ಪಿನ ಹಾಗೆ ಎಲ್ಲದಕ್ಕೂ ಹಾಕುತ್ತಿದ್ದರು: ಚಹಾ ವೆರಿ ಗುಡ್, ಕುದುರೆ ವೆರಿ ಗುಡ್, ಬಿಸಿಲು ವೆರಿ ಬ್ಯಾಡ್.

ನಮ್ಮ ಕಂಬಂ ಕಣಿವೆಯ ಮನೆಯಲ್ಲಿ ಮಾತ್ರ ಕಾಯಿಲೆಗೆ ‘ಬಾಳ’ ಸೇರಿಸುವಂತಿರಲಿಲ್ಲ. ದೊಡ್ಡದು ಎಂದರೆ ಕಾಯಿಲೆ ಅದನ್ನು ಕೇಳಿಸಿಕೊಂಡು ದೊಡ್ಡದಾಗುತ್ತದಂತೆ. ಪ್ರಾಣ ಹೋಗುತ್ತಿರುವವನಿಗೂ ‘ವಸಿ ಮೈ ಬೆಚ್ಚಗದೆ’, ಅಷ್ಟೇ.

ಬೆಟ್ಟದ ಮೇಲೆ ಅಣೆಕಟ್ಟು ಕಟ್ಟುತ್ತಿದ್ದ ವರ್ಷಗಳವು. ಅಲ್ಲಿಗೆ ಸುಣ್ಣದ ಗಾಡಿ ಹೊಡೆಯುತ್ತಿದ್ದ ನನ್ನ ಅಣ್ಣ ಜ್ವರ ಹತ್ತಿಸಿಕೊಂಡು ಬಂದ. ಐದನೆಯ ದಿನ ಅವನಿಗೆ ನಮ್ಮ ಗುರುತೂ ಸಿಗಲಿಲ್ಲ. ದೊರೆ ಡಾಕ್ಟರು ಎರಡು ಹರದಾರಿ ದೂರದ ಊರಲ್ಲಿದ್ದರು; ಇಂಗ್ಲಿಷಿನಲ್ಲಿ ಕಾಗದ ಹೋದರೆ ಬರುತ್ತಾರೆ ಎಂದರು ಊರವರು. ಊರಿಗೆಲ್ಲ ಇಂಗ್ಲಿಷ್ ಬಲ್ಲವನು ನಾನೊಬ್ಬನೇ. ಅಣ್ಣ ‘ವೆರಿ ಸಿಕ್’ ಎಂದು ಬರೆದು, ಅವ್ವನಿಗೆ ಅರ್ಥ ಹೇಳಿದೆ.

“‘ಬಾಳ’ ಅಂತ ಬರೀಬ್ಯಾಡ ಕಣಪ್ಪಾ,” ಎಂದು ಅವಳು ನನ್ನ ಕೈ ಹಿಡಿದಳು. “ಮಾತು ಆಡಿದ್ರೆ ಹೋಯ್ತು, ಮುತ್ತು ಒಡೆದ್ರೆ ಹೋಯ್ತು. ನಿನ್ ಕೈಯಾರೆ ಅಣ್ಣುನ್ನ ಕೊಲ್ಬ್ಯಾಡ.”

ಓದಿದ ದಡ್ಡ ನಾನು! ಇನ್ನೊಂದು ಹಾಳೆ ತೆಗೆದು, ‘ವೆರಿ’ ಬಿಟ್ಟು, ಅಣ್ಣನಿಗೆ ಹುಷಾರಿಲ್ಲ ಎಂದಷ್ಟೇ ಬರೆದು ಕಳಿಸಿದೆ.

ಡಾಕ್ಟರು ಬಂದದ್ದು ಮೂರು ದಿನದ ಮೇಲೆ. ಅಷ್ಟರಲ್ಲಿ ಅಣ್ಣನನ್ನು ಮಣ್ಣು ಮಾಡಿ ಬಂದಿದ್ದೆವು. ಅವರು ಅಂಗಳದಲ್ಲೇ ನಿಂತು ನನ್ನ ಕಾಗದ ತೋರಿಸಿದರು. ಬೇರೆ ಊರುಗಳಿಂದ ಬಂದ ಕಾಗದಗಳಲ್ಲೆಲ್ಲ ‘ವೆರಿ’ ಇತ್ತು, ಆ ಮನೆಗಳಿಗೆ ಮೊದಲು ಹೋದೆ, ಇದೊಂದು ಕಾಯಬಹುದು ಅಂದುಕೊಂಡೆ ಎಂದರು. ಪಾಪ, ಊರೂರು ಅಲೆದು ಅವರ ಮುಖವೂ ಬಾಡಿಹೋಗಿತ್ತು. ಯಾರನ್ನೆಂದು ಬೈಯಲಿ?

ಅವರ ಇಂಗ್ಲಿಷ್ ಅವ್ವನಿಗೆ ತಿಳಿಯಲಿಲ್ಲ. ಅವರು ಹೋದ ಮೇಲೆ ನನ್ನ ಹತ್ತಿರ ಬಂದು ಕೂತಳು.

“ನಿಜ ಹೇಳು. ನಾ ಬ್ಯಾಡ ಅಂದ್ರೂ ನೀ ಆ ಮಾತು ಬರ್ದಿದ್ಯಾ?”

ಇಲ್ಲ ಎಂದರೆ ಡಾಕ್ಟರು ಯಾಕೆ ತಡಮಾಡಿದರು ಎಂದೂ ಹೇಳಬೇಕಿತ್ತು. ತಾನು ನನ್ನ ಕೈ ಹಿಡಿದು ತಡೆದದ್ದರಿಂದಲೇ ಮಗ ಹೋದನೆಂದು ಅವಳಿಗೆ ಗೊತ್ತಾಗಿಬಿಡುತ್ತಿತ್ತು. ಅಯ್ಯೋ, ಅದನ್ನು ಹೇಗೆ ಹೇಳಲಿ!

“ಬರ್ದೆ, ಅವ್ವಾ,” ಎಂದೆ.

ಆಮೇಲೆ ಬದುಕಿದ್ದಷ್ಟು ವರ್ಷ ಅವಳು ನನ್ನ ಕೈಯಿಂದ ಒಂದು ಲೋಟ ನೀರನ್ನೂ ಕುಡಿಯಲಿಲ್ಲ.